ಬಡವನೆಂದು ಒಂದು ಸರ್ಟಿಫಿಕೇಟು, ಶ್ರೀಮಂತನೆಂದು ಇನ್ನೊಂದು

ಹೊರದೇಶದಲ್ಲಿ ಓದಬೇಕೆಂಬ ದಲಿತ ಹುಡುಗ, ದಲಿತ ಹುಡುಗಿ ಎರಡು ಬಾಗಿಲ ಮುಂದೆ ನಿಲ್ಲಬೇಕು. ಮೊದಲನೇ ಬಾಗಿಲು ನಾಡಕಚೇರಿಯದು. ಅಲ್ಲಿ 'ಸ್ವಾಮಿ, ನಾವು ಬಡವರು' ಎಂದು ರುಜುವಾತು ಮಾಡಬೇಕು. ಮನೆಯ ವರ್ಷದ ಆದಾಯ ಎಂಟು ಲಕ್ಷ ದಾಟಿಲ್ಲವೆಂದು ತಹಸೀಲ್ದಾರರ ಕಾಗದ ಸಿಕ್ಕರೆ ಮಾತ್ರ ಕೇಂದ್ರ ಸರ್ಕಾರದ ಸಾಗರೋತ್ತರ ವಿದ್ಯಾರ್ಥಿವೇತನಕ್ಕೆ ಅರ್ಜಿ. ಎರಡನೇ ಬಾಗಿಲು ವೀಸಾ ಆಫೀಸಿನದು. ಅಲ್ಲಿ ಅದೇ ಹುಡುಗ, ಅದೇ ಅಪ್ಪನ ಹೆಸರು ಹೇಳಿ, 'ಸ್ವಾಮಿ, ನಮ್ಮ ಹತ್ರ ದುಡ್ಡಿದೆ' ಎಂದು ರುಜುವಾತು ಮಾಡಬೇಕು. ಒಬ್ಬನೇ ಮನುಷ್ಯ, ಒಂದೇ ಬೇಸಿಗೆಯಲ್ಲಿ ಬಡವನೂ ಆಗಬೇಕು, ಸಾಹುಕಾರನೂ ಆಗಬೇಕು. ಇದ್ಯಾವ ನ್ಯಾಯ?

ವಿದ್ಯಾರ್ಥಿವೇತನ ಸಿಕ್ಕವನಿಗೆ ಎರಡನೇ ಬಾಗಿಲಲ್ಲಿ ಆ ವೇತನದ ಪತ್ರವೇ ಸಾಕು, ಬೇರೆ ದುಡ್ಡು ತೋರಿಸಬೇಕಾಗಿಲ್ಲ ಎನ್ನುತ್ತಾರೆ. ಸರಿಯೇ. ಆದರೆ ಆ ಪತ್ರ ಎಷ್ಟು ಜನಕ್ಕೆ ಸಿಗುತ್ತೆ, ಯಾವಾಗ ಸಿಗುತ್ತೆ, ಆಮೇಲೆ ನೋಡೋಣ. ಮೊದಲು ಪತ್ರ ಇಲ್ಲದವನ ಕತೆ ನೋಡಿ. ನಮ್ಮಲ್ಲಿ ಹೆಚ್ಚಿನವರು ಅವರೇ.

ಇಂಗ್ಲೆಂಡಿನ ಲೆಕ್ಕ ತೆಗೆದುಕೊಳ್ಳಿ. ವೀಸಾ ಅರ್ಜಿಯ ಶುಲ್ಕವನ್ನು 2025ರ ಏಪ್ರಿಲ್‌ನಲ್ಲಿ 524 ಪೌಂಡಿಗೆ ಏರಿಸಿದರು. ಅಲ್ಲಿನ ಆಸ್ಪತ್ರೆ ಬಳಸುವುದಕ್ಕೆಂದು ವರ್ಷಕ್ಕೆ 776 ಪೌಂಡು ಬೇರೆ. ಇದು 2024ರ ಫೆಬ್ರವರಿಯಲ್ಲಿ ಏರಿಸಿದ ದರ. ಒಂದು ವರ್ಷದ ಎಂ.ಎ. ಕೋರ್ಸಿಗೆ ಸಾಮಾನ್ಯವಾಗಿ ಒಂದೂವರೆ ವರ್ಷದ ಲೆಕ್ಕ ಹಾಕಿ, ಮುಂಗಡವಾಗಿಯೇ ವಸೂಲು ಮಾಡುತ್ತಾರೆ. ಇದಾದ ಮೇಲೆ ಊಟ ವಸತಿಯ ದುಡ್ಡು ನಿನ್ನ ಖಾತೆಯಲ್ಲಿದೆಯೆಂದು ತೋರಿಸು ಎನ್ನುತ್ತಾರೆ. 2025ರ ನವೆಂಬರಿನಲ್ಲಿ ಬಂದ ದರದಂತೆ ಲಂಡನ್ನಿನಲ್ಲಿ ತಿಂಗಳಿಗೆ 1,529 ಪೌಂಡು, ಲಂಡನ್ನಿನ ಹೊರಗೆ 1,171 ಪೌಂಡು, ಒಂಬತ್ತು ತಿಂಗಳಿಗೆ. ಲಂಡನ್ ಬೇಡ, ಹೊರಗಿನದನ್ನೇ ಗುಣಿಸಿ ನೋಡಿ: 10,539 ಪೌಂಡು. ಪೌಂಡಿಗೆ ನೂರ ಹದಿನೈದು ರೂಪಾಯಿ ಅಂತಿಟ್ಟುಕೊಂಡರೂ ಹನ್ನೆರಡು ಲಕ್ಷ ದಾಟಿತು. ಕಟ್ಟಬೇಕಾದ ಫೀಜು ಇದರಲ್ಲಿ ಸೇರಿಲ್ಲ.

ಈಗ ನಮ್ಮ ಕೇರಿಯ ಲೆಕ್ಕ. ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ಕೂಲಿ 2025-26ನೇ ಸಾಲಿಗೆ ದಿನಕ್ಕೆ 370 ರೂಪಾಯಿ. ನೂರು ದಿನ ಪೂರ್ತಿ ಕೆಲಸ ಸಿಕ್ಕರೆ 37,000. ಪೂರ್ತಿ ಸಿಗುವುದು ಎಷ್ಟು ಮನೆಗೆ ಅನ್ನೋದು ನಿಮಗೇ ಗೊತ್ತು. ಬರೀ ವೀಸಾ ಶುಲ್ಕಕ್ಕೇ ಅವ್ವ ನೂರಾ ಅರವತ್ತು ದಿನ ಗುದ್ದಲಿ ಹಿಡಿಯಬೇಕು. ಆ ಹನ್ನೆರಡು ಲಕ್ಷಕ್ಕೆ ಮೂವತ್ತೆರಡು ವರ್ಷ ನೂರು ನೂರು ದಿನ ದುಡಿದು, ಒಂದು ಪೈಸೆಯನ್ನೂ ಖರ್ಚು ಮಾಡದೆ, ಒಂದು ತುತ್ತೂ ತಿನ್ನದೆ ಕೂಡಿಡಬೇಕು.

ಇಷ್ಟಕ್ಕೇ ಮುಗಿಯಲಿಲ್ಲ. ಆ ದುಡ್ಡು ಖಾತೆಯಲ್ಲಿ 28 ದಿನ ಅಲ್ಲಾಡದೆ ಕೂತಿರಬೇಕು. ಒಂದೇ ಒಂದು ದಿನ, ಹತ್ತು ರೂಪಾಯಿ ಕಡಿಮೆಯಾದರೂ ಅರ್ಜಿ ಬಿದ್ದುಹೋಗಬಹುದು. ಗೆಳೆಯರೇ, ದುಡ್ಡು ಕೂತಿರುವುದು ಅಂದರೇನು ಅಂತ ನಮ್ಮ ಮನೆಗಳಿಗೆ ಗೊತ್ತಾ? ನಮ್ಮ ಮನೆಗಳಲ್ಲಿ ದುಡ್ಡು ಕೂರಲ್ಲ, ನಿಲ್ಲೋದೂ ಇಲ್ಲ. ಬೆಳಿಗ್ಗೆ ಬಂದದ್ದು ಸಂಜೆಗೆ ಸಂಘದ ಕಂತಿಗೋ ಅಂಗಡಿಯ ಬಾಕಿಗೋ ಹೋಗಿರುತ್ತೆ. ಭೂಮಿ ಇದ್ದವನು ಒಂದು ಸೈಟು ಮಾರ್ತಾನೆ, ಬ್ಯಾಂಕಿನಲ್ಲಿ ಇಡ್ತಾನೆ, ಎರಡು ತಿಂಗಳು ಬಿಟ್ಟು ಸ್ಟೇಟ್‌ಮೆಂಟು ತೆಗೀತಾನೆ. ಅವನಿಗೆ 28 ದಿನ ಅನ್ನೋದು ಲೆಕ್ಕಕ್ಕೇ ಬರೋದಿಲ್ಲ. 'ಅರ್ಹತೆ ಇದ್ದವರಿಗೆ ಸಿಕ್ಕೇ ಸಿಗುತ್ತೆ ಬಿಡ್ರಿ' ಅಂತ ಭಾಷಣ ಬಿಗಿಯೋನು ಅವನೇ. ಯಾವ ಅರ್ಹತೆಯಪ್ಪಾ? ಪಾಸ್‌ಬುಕ್ಕಿನ ಅರ್ಹತೆಯಾ?

ಇನ್ನೊಂದು ಕಟ್ಟಳೆ ನೋಡಿ. ಆ ಹಣ ವಿದ್ಯಾರ್ಥಿಯ ಖಾತೆಯಲ್ಲಿರಬೇಕು, ಇಲ್ಲಾ ತಂದೆ ತಾಯಿ ಅಥವಾ ಕಾನೂನು ಪ್ರಕಾರದ ಪೋಷಕರ ಖಾತೆಯಲ್ಲಿರಬೇಕು, ಮದುವೆಯಾಗಿದ್ದರೆ ಗಂಡ ಹೆಂಡತಿಯದೂ ಆದೀತು. ಚಿಕ್ಕಪ್ಪನ ಖಾತೆ ನಡೆಯಲ್ಲ. ಪೊಲೀಸ್ ಕೆಲಸದಲ್ಲಿರೋ ಅಣ್ಣನ ಖಾತೆ ನಡೆಯಲ್ಲ. ಮೇಷ್ಟ್ರಾಗಿರೋ ಸೋದರಮಾವನದೂ ನಡೆಯಲ್ಲ. ನಮ್ಮ ಕೇರಿಗಳಲ್ಲಿ ಒಂದು ಮಗು ಓದಿ ಮೇಲೆ ಬರುವುದು ಹತ್ತು ಜನ ಕೈ ಹಾಕಿ ಎತ್ತಿದಾಗ. ಅಪ್ಪನ ಕೈಯಲ್ಲಿ ಏನೂ ಇಲ್ಲದ್ದಕ್ಕೇ ತಾನೇ ಅಣ್ಣ, ಮಾವ, ಕೇರಿಯ ಯುವಕರ ಸಂಘ ಸೇರಿ ಚಂದಾ ಎತ್ತುವುದು? ಅವರೆಲ್ಲರ ದುಡ್ಡನ್ನೂ ತಿಂಗಳು ಮೊದಲೇ ತಂದು ಹುಡುಗನ ಖಾತೆಗೆ ಸುರಿಯಬೇಕು. ಇದು ಗೊತ್ತಿಲ್ಲದೆ ಅಣ್ಣನ ಪಾಸ್‌ಬುಕ್ ಲಗತ್ತಿಸಿದ ಹುಡುಗ ಕೆಟ್ಟ. ಗೊತ್ತುಮಾಡಿಕೊಡಲು ಇವನಿಗೆ ಲಂಡನ್ನಿನಲ್ಲಿ ದೊಡ್ಡಪ್ಪನಿಲ್ಲ.

ಅಪ್ಪನ ಖಾತೆ ತೋರಿಸಬೇಕಾದರೂ ಅವನು ನಿನ್ನಪ್ಪ ಅನ್ನೋದಕ್ಕೆ ಜನನ ಪ್ರಮಾಣಪತ್ರ ಬೇಕು. ಇಲ್ಲಿ ನಿಲ್ಲೋಣ. ಈ ಹೆಸರು, ತಾರೀಖಿನ ವಿಷಯ ಸಣ್ಣದಲ್ಲ.

ನಮ್ಮಲ್ಲಿ ಎಷ್ಟು ಜನರ ಹುಟ್ಟಿದ ತಾರೀಖು ಜೂನ್ ಒಂದು? ಹಾಸ್ಟೆಲಿನ ಒಂದು ರೂಮಿನಲ್ಲಿ ಕೈ ಎತ್ತಿಸಿ ನೋಡಿ. ಅವ್ವ ಹೆತ್ತದ್ದು ರಾಗಿ ಕಟಾವಿನ ಹೊತ್ತಿನಲ್ಲಿ, ಹೆಡ್‌ಮೇಷ್ಟ್ರು ಬರೆದದ್ದು ಜೂನ್ ಒಂದು. ಮನೆಯಲ್ಲಿ ಹೆರಿಗೆಯಾಯಿತು, ನೋಂದಣಿ ಆಗಲಿಲ್ಲ. ಈಗ ಮಾಡಿಸಬೇಕೆಂದರೆ, ವರ್ಷ ದಾಟಿದ ಜನನಕ್ಕೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಅದಕ್ಕೆ ಅಲೆದಾಟ, ವಕೀಲರ ಫೀಜು. ಅಪ್ಪನ ಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ಥರ: ಎಸ್.ಎಸ್.ಎಲ್.ಸಿ. ಮಾರ್ಕ್ಸ್ ಕಾರ್ಡಿನಲ್ಲಿ ಹನುಮಯ್ಯ, ಆಧಾರದಲ್ಲಿ ಹನುಮಂತಯ್ಯ, ಪಹಣಿಯಲ್ಲಿ ಬರೀ ಹನುಮ. ಪಹಣಿ ಬರೆದ ಶಾನುಭೋಗನಿಗೆ ನಮ್ಮ ತಾತನ ಹೆಸರಿಗೆ 'ಅಯ್ಯ' ಸೇರಿಸುವ ಮನಸ್ಸು ಬರಲಿಲ್ಲ. ಐವತ್ತು ವರ್ಷದ ಹಿಂದೆ ಒಬ್ಬ ಜಾತಿವಂತ ನುಂಗಿದ ಆ ಒಂದಕ್ಷರ ಇವತ್ತು ಮೊಮ್ಮಗನ ಫೈಲನ್ನು ತಡೆದು ನಿಲ್ಲಿಸುತ್ತೆ. ವೀಸಾ ಆಫೀಸಿನವನ ಕಣ್ಣಿಗೆ ಹನುಮನೂ ಹನುಮಂತಯ್ಯನೂ ಇಬ್ಬರು. ಅಫಿಡವಿಟ್ ಮಾಡಿಸು, ನೋಟರಿ ಹಾಕಿಸು, ಪೇಪರಿನಲ್ಲಿ ಪ್ರಕಟಣೆ ಕೊಡು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಅಂತ ಒಂದು ಕಾಲಂ ಇದೆ. ನಮ್ಮ ಹೆಸರಿಗೆ ಎಲ್ಲಿಯ ಸರ್‌ನೇಮು? ಊರಿನ ಹೆಸರಿನ ಒಂದು ಅಕ್ಷರ, ಅಪ್ಪನ ಹೆಸರಿನ ಒಂದು ಅಕ್ಷರ, ಮುಗೀತು. ಕೆಲವರು ಆ ಕಾಲಂ ಖಾಲಿ ಬಿಟ್ಟು, ಆಮೇಲೆ ವಿಶ್ವವಿದ್ಯಾಲಯದ ಅರ್ಜಿಯಲ್ಲಿ ಬೇರೆ ಥರ ತುಂಬಿ ಪಡಿಪಾಟಲು ಪಡುತ್ತಾರೆ. ಅದಕ್ಕೇ ಹೇಳುತ್ತೇವೆ: ಬಿ.ಎ. ಮೊದಲನೇ ವರ್ಷದಲ್ಲೇ ನಿಮ್ಮ ಎಲ್ಲ ಕಾಗದಗಳನ್ನು ಚಾಪೆಯ ಮೇಲೆ ಹರಡಿ, ಹೆಸರುಗಳನ್ನು ಅಕ್ಷರ ಅಕ್ಷರ ತಾಳೆ ನೋಡಿ. ಪಾಸ್‌ಪೋರ್ಟಿಗೆ 1,500 ರೂಪಾಯಿ, ಅವಸರಕ್ಕೆ ತತ್ಕಾಲ್ ಎಂದರೆ 3,500. ಅವಸರ ಮಾಡಿಕೊಂಡು ಎರಡು ಸಾವಿರ ಹೆಚ್ಚು ಕೊಡುವಷ್ಟು ನಾವು ದೊಡ್ಡವರಲ್ಲ. ಅಂಚೆ ಕಚೇರಿಗಳಲ್ಲಿ ಪಾಸ್‌ಪೋರ್ಟ್ ಅರ್ಜಿ ತೆಗೆದುಕೊಳ್ಳುವ ಪದ್ಧತಿ 2017ರ ಜನವರಿಯಲ್ಲಿ ನಮ್ಮ ಮೈಸೂರಿನಿಂದಲೇ ಶುರುವಾದದ್ದು. ಈಗ ಬೇರೆ ಊರುಗಳಲ್ಲೂ ಇದೆ.

ಅಮೆರಿಕದ ಬಾಗಿಲು ಇನ್ನೊಂದು ತರಹದ್ದು. ಅಲ್ಲಿ ಕಾಗದಕ್ಕಿಂತ ಮಾತು ಹೆಚ್ಚು. ವೀಸಾ ಶುಲ್ಕ 2023ರ ಜೂನ್‌ನಿಂದ 185 ಡಾಲರು, ವಿದ್ಯಾರ್ಥಿ ದಾಖಲೆಗೆಂದು 350 ಡಾಲರು, ವೀಸಾ ಆಗಲಿಲ್ಲವೆಂದರೆ ಆ ಶುಲ್ಕ ವಾಪಸ್ಸಿಲ್ಲ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟಿಗೆ ಟೇಪು ಕತ್ತರಿಸಿದರು. ಫೋಟೋ ಬಂತು, ಆದರೆ ಅಂದು ಅಲ್ಲಿ ವೀಸಾ ಕೊಡುವ ಕಿಟಕಿ ತೆರೆದಿರಲಿಲ್ಲ. ನಮ್ಮವರು ಚೆನ್ನೈಗೋ ಹೈದರಾಬಾದಿಗೋ ರಾತ್ರಿ ಬಸ್ಸು ಹತ್ತಿದ್ದೇ ಬಂತು. ಕಿಟಕಿಯ ಮುಂದೆ ಸಿಗುವುದು ಎರಡೋ ಮೂರೋ ನಿಮಿಷ. ಅಲ್ಲಿಯ ಕಾನೂನಿನಲ್ಲಿ 214(ಬಿ) ಎಂಬ ಒಂದು ಕಲಮು ಇದೆ. ಅದರ ಅರ್ಥ ಇಷ್ಟು: ಬರುವವನು ಅಲ್ಲೇ ಉಳಿದುಬಿಡುವವನು ಎಂದೇ ಮೊದಲು ಲೆಕ್ಕ. ಅಲ್ಲವೆಂದು ಅವನೇ ತೋರಿಸಬೇಕು. ತನ್ನ ದೇಶಕ್ಕೆ ತಾನು ವಾಪಸ್ ಬರುತ್ತೇನೆ, ನನ್ನನ್ನು ಇಲ್ಲಿಗೆ ಎಳೆಯುವ ಗಂಟುಗಳಿವೆ ಎಂದು ಹೇಳಬೇಕು. ಗಂಟು ಎಂದರೆ ಏನು? ಮನೆ, ಜಮೀನು, ಕೆಲಸ, ಮನೆತನದ ವ್ಯವಹಾರ.

ಈ ಮಾತು ನಮ್ಮ ಎದೆಗೆ ಹೇಗೆ ನಾಟುತ್ತೆ ನೋಡಿ. ಸಾವಿರಾರು ವರ್ಷ ನಮಗೆ ಭೂಮಿ ಕೊಡಲಿಲ್ಲ. ಊರೊಳಗೆ ಮನೆ ಕೊಡಲಿಲ್ಲ. ಅಂಗಡಿ ಇಟ್ಟರೆ ನಮ್ಮ ಕೈಯಿಂದ ಕಾಫಿ ಕುಡಿಯುವವರಿಲ್ಲ. ಹೀಗೆ ಗಂಟು ಒಂದೂ ಇಲ್ಲದ ಹಾಗೆ ಮಾಡಿಟ್ಟು, ಇವತ್ತು 'ನಿನಗೆ ಈ ದೇಶದಲ್ಲಿ ಏನು ಗಂಟಿದೆ?' ಎಂದು ಕೇಳುತ್ತಾರೆ. ಕೇಳುವವನು ಅಮೆರಿಕದವನು, ಅವನಿಗೆ ನಮ್ಮೂರಿನ ಹೊಲಗೇರಿ ಗೊತ್ತಿಲ್ಲ. ಆದರೆ ಅವನು ಕೇಳುವ ಪ್ರಶ್ನೆಗೆ ಉತ್ತರ ತಪ್ಪಿಸಿಟ್ಟವರು ಇಲ್ಲಿಯವರೇ. ಜಾತಿ ಇಲ್ಲಿ ಕಿತ್ತುಕೊಂಡದ್ದನ್ನು ವೀಸಾ ಅಲ್ಲಿ ಲೆಕ್ಕ ಕೇಳುತ್ತದೆ.

ಬಾಬಾಸಾಹೇಬರನ್ನು ನೆನೆಯಿರಿ. 1913ರಲ್ಲಿ ಬರೋಡಾ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಲ್ಲಿ, ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷಕ್ಕೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ವಾಪಸ್ ಬಂದು ಹತ್ತು ವರ್ಷ ಬರೋಡಾ ಸಂಸ್ಥಾನದ ಸೇವೆ ಮಾಡುತ್ತೇನೆಂದು ಕರಾರು ಬರೆದುಕೊಟ್ಟಿದ್ದರು. ಮಾತಿನಂತೆ ಬಂದರು. 1917ರಲ್ಲಿ ಬರೋಡಾಕ್ಕೆ ಬಂದ ಆ ಎಂ.ಎ. ಪದವೀಧರನಿಗೆ ಊರಿನಲ್ಲಿ ಒಂದು ಬಾಡಿಗೆ ಮನೆ ಸಿಗಲಿಲ್ಲ. ಹೆಸರು ಮರೆಮಾಚಿ ಒಂದು ಪಾರ್ಸಿ ವಸತಿಗೃಹದಲ್ಲಿ ಉಳಿದರು. ಹನ್ನೊಂದನೇ ದಿನ ದೊಣ್ಣೆ ಹಿಡಿದು ಬಂದವರು ಹೊರಗೆ ಹಾಕಿದರು. ಇದನ್ನೂ ಇಂಥವೇ ಬೇರೆ ಘಟನೆಗಳನ್ನೂ ಅವರು ಮುಂದೆ ಬರೆದಿಟ್ಟರು. ಆ ಬರಹದ ಹೆಸರೇನು ಗೊತ್ತೇ? 'ವೇಟಿಂಗ್ ಫಾರ್ ಎ ವೀಸಾ'. ವೀಸಾಕ್ಕಾಗಿ ಕಾಯುತ್ತ! 1990ರಲ್ಲಿ ಅದು ಪುಸ್ತಕವಾಗಿ ಬಂತು, ಕೊಲಂಬಿಯಾದಲ್ಲೇ ಪಾಠವಾಗಿದೆ. ಅದರಲ್ಲಿ ಅಮೆರಿಕದ ವೀಸಾದ ಮಾತು ಒಂದೂ ಇಲ್ಲ. ಇರುವುದೆಲ್ಲ ಈ ದೇಶದ ರೈಲು ನಿಲ್ದಾಣ, ಟಾಂಗಾ, ಕೆರೆ, ಡಾಕ್ಟರು. ಸ್ವಂತ ದೇಶದೊಳಗೆ ಬದುಕುವುದಕ್ಕೆ ವೀಸಾ ಕೇಳಿಸಿಕೊಂಡವರ ಪುಸ್ತಕ ಅದು. ಹಾಸ್ಟೆಲಿನ ಪ್ರತಿಯೊಬ್ಬರೂ ಓದಲೇಬೇಕು. ಸಣ್ಣ ಪುಸ್ತಕ, ಒಂದು ರಾತ್ರಿ ಸಾಕು.

ಇನ್ನೊಂದು ತಮಾಷೆ. ಕಡಲು ದಾಟಿದರೆ ಜಾತಿ ಕೆಡುತ್ತೆ ಅಂತ ಹೇಳುತ್ತಿದ್ದವರು ಯಾರು? 1888ರಲ್ಲಿ ಗಾಂಧಿ ಲಂಡನ್ನಿಗೆ ಹೊರಟಾಗ ಅವರ ಮೋಢ್ ಬನಿಯಾ ಜಾತಿಯ ಪಂಚರು ಬಹಿಷ್ಕಾರ ಹಾಕಿದ್ದರು. ಹೋಗಿಬಂದವರು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಿತ್ತು. ಈಗ? ಅದೇ ಮನೆತನಗಳ ಮೊಮ್ಮಕ್ಕಳು ವಿಮಾನ ತುಂಬಿ ಹೋಗುತ್ತಾರೆ. ಹೋಗುವಾಗ ಜಾತಿ ಕೆಡಲಿಲ್ಲ, ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ ಜತೆ ಜಾತಿಯನ್ನೂ ಒಯ್ದರು. 2023ರ ಫೆಬ್ರವರಿಯಲ್ಲಿ ಅಮೆರಿಕದ ಸಿಯಾಟಲ್ ನಗರ ಜಾತಿ ತಾರತಮ್ಯ ಮಾಡಕೂಡದೆಂದು ಕಾನೂನು ಮಾಡಬೇಕಾಗಿ ಬಂತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಅಂಥದೇ ಮಸೂದೆ ಪಾಸು ಮಾಡಿದರೆ ಅಕ್ಟೋಬರಿನಲ್ಲಿ ಗವರ್ನರು ತಡೆದರು. ಮಸೂದೆ ಬೇಡವೆಂದು ಅಲ್ಲಿ ಜೋರಾಗಿ ಕೂಗಿದವರ ಪೈಕಿ ಇಲ್ಲಿಂದ ಹೋದವರೂ ಇದ್ದರು. ಹೋಗುವ ಹುಡುಗರು ಇದನ್ನು ತಿಳಿದೇ ಹೋಗಬೇಕು.

ಈಗ ಸರ್ಕಾರದ ಕಡೆ ತಿರುಗೋಣ. ಕೇಂದ್ರದ ಸಾಗರೋತ್ತರ ವಿದ್ಯಾರ್ಥಿವೇತನ 1954-55ರಿಂದ ಇದೆ. ಎಪ್ಪತ್ತು ವರ್ಷವಾಯಿತು. ಈ ಮಹಾದೇಶದ ಪರಿಶಿಷ್ಟ ಜಾತಿ, ಅಲೆಮಾರಿ, ಭೂಹೀನ ಕೂಲಿ, ಕುಶಲಕರ್ಮಿ ಎಲ್ಲರಿಗೂ ಸೇರಿ ವರ್ಷಕ್ಕೆ ಎಷ್ಟು ಜಾಗ? 2021-22ರಲ್ಲಿ ಏರಿಸಿದ ಮೇಲೆ 125. ಅದರಲ್ಲಿ ಪರಿಶಿಷ್ಟ ಜಾತಿಗೆ 115. ಇಷ್ಟು ಕೊಟ್ಟು ಎದೆ ತಟ್ಟಿಕೊಳ್ಳುತ್ತಾರೆ. 2022ರಲ್ಲಿ ಅದಕ್ಕೊಂದು ಹೊಸ ಕಟ್ಟಳೆ ತಂದರು: ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜದ ಬಗ್ಗೆ ಸಂಶೋಧನೆ ಮಾಡುವವನಿಗೆ ಈ ವೇತನ ಇಲ್ಲ! ಇದರ ಹುನ್ನಾರ ಅರ್ಥವಾಯಿತೇ? 1916ರಲ್ಲಿ ಬಾಬಾಸಾಹೇಬರು ಕೊಲಂಬಿಯಾದಲ್ಲಿ ಓದಿದ ಪ್ರಬಂಧ ಭಾರತದ ಜಾತಿಗಳ ಬಗ್ಗೆ. ಈ ಕಟ್ಟಳೆ ಅಂದು ಇದ್ದಿದ್ದರೆ ಆ ವಿಷಯಕ್ಕೆ ಒಂದು ಪೈಸೆ ಹುಟ್ಟುತ್ತಿರಲಿಲ್ಲ. ಯಂತ್ರ ಕಲಿ, ಔಷಧಿ ಕಲಿ, ಸಾಲ ವಸೂಲಿ ಕಲಿ. ನಿನ್ನನ್ನು ಯಾರು ತುಳಿದರು ಅನ್ನೋದನ್ನು ಮಾತ್ರ ಹೊರಗೆ ಹೋಗಿ ಕಲಿಯಬೇಡ. ಭಾರತದ ವಿಷಯವನ್ನು ಭಾರತದಲ್ಲೇ ಓದಬಹುದಲ್ಲ ಎಂದು ಸಮಜಾಯಿಷಿ ಕೊಡುತ್ತಾರೆ. ಸಾಹುಕಾರರ ಮಕ್ಕಳು ಸ್ವಂತ ದುಡ್ಡಿನಲ್ಲಿ ಆಕ್ಸ್‌ಫರ್ಡಿಗೆ ಹೋಗಿ ನಮ್ಮ ಕೇರಿಗಳ ಮೇಲೆ ಪಿಎಚ್.ಡಿ. ಮಾಡಬಹುದು. ನಾವು ಮಾಡಕೂಡದು.

2025ರ ಜುಲೈನಲ್ಲಿ ಏನಾಯಿತು ಕೇಳಿ. 2025-26ನೇ ಸಾಲಿಗೆ 106 ಜನರನ್ನು ಆರಿಸಿದರು. ಮೊದಲಿಗೆ ಪತ್ರ ಕೊಟ್ಟದ್ದು 40 ಜನಕ್ಕೆ. ಮಿಕ್ಕ 66 ಜನಕ್ಕೆ ಹಣ ಲಭ್ಯವಾದರೆ ಕೊಡುತ್ತೇವೆ ಎಂದರು. ಜುಲೈ ಎಂದರೆ ಯಾವ ಹೊತ್ತು? ಇಂಗ್ಲೆಂಡಿನಲ್ಲಿ ಕಾಲೇಜು ಶುರುವಾಗುವುದು ಸೆಪ್ಟೆಂಬರಿನಲ್ಲಿ. ಅದಕ್ಕೆ ಮುಂಚೆ ವಿಶ್ವವಿದ್ಯಾಲಯ ಪ್ರವೇಶದ ದೃಢೀಕರಣ ಕೊಡಬೇಕು, ಅದು ಬಂದ ಮೇಲೆ ವೀಸಾ ಅರ್ಜಿ, ಕ್ಷಯ ಇಲ್ಲವೆಂದು ಎದೆಯ ಎಕ್ಸ್‌ರೇ, ಬೆರಳಚ್ಚು, ಕಾಯುವುದು. ಪತ್ರವಿಲ್ಲದ ಹುಡುಗನ ಕೈಯಲ್ಲಿ ಹಣದ ರುಜುವಾತು ಇಲ್ಲ. ಹಣದ ರುಜುವಾತಿಲ್ಲದೆ ವೀಸಾ ಇಲ್ಲ. ಆಯ್ಕೆಯಾಗಿಯೂ ಬಾಗಿಲಲ್ಲಿ ನಿಲ್ಲಿಸುವುದೆಂದರೆ ಇದು. ಅನುದಾನ ಆಮೇಲೆ ಬಿಡುಗಡೆ ಮಾಡಿದೆವು ಎಂದು ಯಾರಾದರೂ ಅಂದರೆ, ಹುಡುಗನ ಕಾಲೇಜಿನ ಗಂಟೆಯೂ ನಿಮ್ಮ ಖಜಾನೆಗಾಗಿ ಕಾದಿತ್ತೇ ಎಂದು ಕೇಳಿ. ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯಲ್ಲೂ ಪ್ರಬುದ್ಧ ಎಂಬ ಯೋಜನೆ ಇದೆ. ಅದರ ಅರ್ಜಿ ಯಾವಾಗ ಕರೆಯುತ್ತಾರೆ ಎಂದು ನಮ್ಮ ಹಾಸ್ಟೆಲುಗಳ ನೋಟಿಸ್ ಬೋರ್ಡಿನಲ್ಲಿ ನೀವೆಷ್ಟು ಸಲ ನೋಡಿದ್ದೀರಿ? ವಾರ್ಡನ್ನರಿಗೆ ಮೊಟ್ಟೆಯ ಲೆಕ್ಕ ಬರೆಯೋದಕ್ಕೇ ಪುರಸೊತ್ತಿಲ್ಲ.

ಬ್ಯಾಂಕಿಗೆ ಹೋಗಿ ಸಾಲ ತಗೋ ಎನ್ನುತ್ತಾರೆ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದಲ್ಲಿ ನಾಲ್ಕು ಲಕ್ಷದವರೆಗೆ ಆಧಾರ ಕೇಳುವಂತಿಲ್ಲ, ಏಳೂವರೆ ಲಕ್ಷದ ಮೇಲೆ ಆಸ್ತಿ. ಏಳೂವರೆ ಲಕ್ಷಕ್ಕೆ ಹೊರದೇಶದ ಯಾವ ಓದು? ಆಸ್ತಿ ಎಂದರೆ ನಮ್ಮಲ್ಲಿ ಕೆಲವರಿಗೆ ಇರುವುದು ದರಖಾಸ್ತಿನಲ್ಲಿ ಬಂದ ಎರಡು ಎಕರೆ. ಅದು ಪರರ ಪಾಲಾಗದಂತೆ ಕಾಯಲು 1978ರ ಪಿ.ಟಿ.ಸಿ.ಎಲ್. ಕಾಯಿದೆ ಇದೆ. ಆ ಕಾಯಿದೆ ಬಂದದ್ದು ಹೋರಾಟದ ಕಾಲದಲ್ಲಿ, ಅದು ಇರಲೇಬೇಕು. ಆದರೆ ಗ್ರಾಂಟ್ ಜಮೀನು ಅಂದ ತಕ್ಷಣ ಮ್ಯಾನೇಜರು ಫೈಲು ಮುಚ್ಚಿ ಪೆನ್ನಿನ ಕ್ಯಾಪ್ ಹಾಕುವುದನ್ನು ನಾವು ನೋಡಿದ್ದೇವೆ. ಕಾಯಿದೆಯನ್ನು ದೂರಬೇಡಿ. ಮಗುವಿನ ಬುದ್ಧಿಯ ಮೇಲೆ ಸಾಲ ಕೊಡದೆ ಮಣ್ಣಿನ ಮೇಲೆ ಕೊಡುವ ಪದ್ಧತಿಯನ್ನು ದೂರಿ.

ಹೀಗೆ ಎಲ್ಲ ಬಾಗಿಲೂ ಮುಚ್ಚಿದ ಮೇಲೆ ತೆರೆದಿರುವುದು ಏಜೆಂಟನ ಬಾಗಿಲು. ಎ.ಸಿ. ರೂಮು, ಗೋಡೆ ಮೇಲೆ ಬಾವುಟಗಳು, ಒಂದು ಟೀ. 'ಬ್ಯಾಲೆನ್ಸ್ ಚಿಂತೆ ಬಿಡಿ, 28 ದಿನ ನಿಮ್ಮ ಅಕೌಂಟಿನಲ್ಲಿ ನಾವೇ ಹಣ ಕೂರಿಸ್ತೀವಿ, ಬಡ್ಡಿ ಮಾತ್ರ ಕೊಡಿ' ಅಂತಾನೆ. ಇದು ಹಳೇ ಲೇವಾದೇವಿಯವನ ಹೊಸ ವೇಷ. ನಮಗೆ ಗೊತ್ತಿರುವ ಒಬ್ಬ ಹುಡುಗನ ತಾಯಿ ಕಿವಿಯ ಓಲೆ ಮಾರಿ ಈ ಬಡ್ಡಿ ಕಟ್ಟಿದರು. ಕಾಗದ ಸಂಶಯ ಬಂದು ಅರ್ಜಿ ಬಿತ್ತು, ಓಲೆಯೂ ಹೋಯಿತು, ಬಡ್ಡಿಯೂ ಹೋಯಿತು. ಏಜೆಂಟನಿಗೆ ಏನೂ ಆಗಲಿಲ್ಲ. ಸುಳ್ಳು ಕಾಗದ ಇಟ್ಟದ್ದು ಸಿಕ್ಕಿಬಿದ್ದರೆ ಇಂಗ್ಲೆಂಡು ಹತ್ತು ವರ್ಷ ಬಾಗಿಲು ಹಾಕಬಲ್ಲದು; ಅಮೆರಿಕದ ಕಾನೂನಿನಲ್ಲಿ ಅದು ಜೀವನಪರ್ಯಂತದ ಮಾತು. ಸಹಿ ನಿಮ್ಮದು, ಶಿಕ್ಷೆಯೂ ನಿಮ್ಮದು. ಏಜೆಂಟ ತುಂಬಿದ ಅರ್ಜಿಯನ್ನು ಓದದೆ ಸಹಿ ಹಾಕಲೇಬೇಡಿ.

ಜರ್ಮನಿಯಲ್ಲಿ ಫೀಜಿಲ್ಲ ಎಂಬ ಮಾತು ಹಾಸ್ಟೆಲಿನಲ್ಲಿ ಓಡಾಡುತ್ತಿದೆ. ಬಹುಪಾಲು ನಿಜ, ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ಬಾಡೆನ್-ವ್ಯೂರ್ಟೆಂಬೆರ್ಗ್‌ನಂಥ ರಾಜ್ಯದಲ್ಲಿ ಹೊರಗಿನವರಿಗೆ ಉಂಟು. ಆದರೆ ವೀಸಾಕ್ಕೆ ಮುಂಚೆ ಒಂದು ವರ್ಷದ ಖರ್ಚನ್ನು ಬೀಗ ಹಾಕಿದ ಖಾತೆಯಲ್ಲಿ ಇಡಬೇಕು. 2024ರ ಸೆಪ್ಟೆಂಬರಿನಲ್ಲಿ ಅದನ್ನು 11,904 ಯೂರೋ ಮಾಡಿದರು. 2022ರ ನವೆಂಬರಿನಿಂದ ನಮ್ಮ ದೇಶದ ಮಾರ್ಕ್ಸ್ ಕಾರ್ಡು ನಿಜವೋ ಸುಳ್ಳೋ ನೋಡಲು ಎ.ಪಿ.ಎಸ್. ಎಂಬ ಪ್ರಮಾಣಪತ್ರ, ಅದಕ್ಕೆ 18,000 ರೂಪಾಯಿ. ಅರ್ಜಿ ತಿರಸ್ಕಾರವಾದರೆ ಕಚೇರಿಗೇ ಮರುಪರಿಶೀಲನೆ ಕೇಳಿ ಬರೆಯುವ ಅವಕಾಶ ಮುಂಚೆ ಇತ್ತು, 2025ರ ಜುಲೈ ಒಂದರಿಂದ ಅದನ್ನೂ ತೆಗೆದರು. ಇಂಗ್ಲೆಂಡಿನಲ್ಲಿ ಇನ್ನೂ ಇದೆ: ಇಲ್ಲಿಂದ ಹಾಕಿದ ಅರ್ಜಿ ಬಿದ್ದರೆ 28 ದಿನದೊಳಗೆ 80 ಪೌಂಡು ಕಟ್ಟಿ ಮರುಪರಿಶೀಲನೆ ಕೇಳಬಹುದು, ಆಸ್ಪತ್ರೆಯ ದುಡ್ಡು ವಾಪಸ್ ಬರುತ್ತದೆ. ಇದನ್ನು ಏಜೆಂಟ ಹೇಳಲ್ಲ.

2025ರ ಮೇ ಕೊನೆಯಲ್ಲಿ ಅಮೆರಿಕ ವಿದ್ಯಾರ್ಥಿ ವೀಸಾದ ಹೊಸ ಸಂದರ್ಶನಗಳನ್ನೇ ನಿಲ್ಲಿಸಿತು. ಜೂನ್‌ನಲ್ಲಿ ಮತ್ತೆ ಶುರುಮಾಡುವಾಗ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮುಂತಾದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಿ ಎಂದಿತು. ಹುಡುಗರು ಹೆದರಿ ಅಂಬೇಡ್ಕರ್ ಜಯಂತಿಯ ಫೋಟೋ ಅಳಿಸಬೇಕಾ ಅಣ್ಣಾ ಅಂತ ಕೇಳ್ತಾರೆ. ಬಾಬಾಸಾಹೇಬರ ಫೋಟೋ ಅಳಿಸಿ ಹೋಗುವ ದೇಶ ಯಾವುದಾದರೂ ನಮಗೆ ಬೇಕಾ? ಅರ್ಜಿಯಲ್ಲಿ ಐದು ವರ್ಷದ ಖಾತೆಗಳ ಹೆಸರು ಕೇಳುತ್ತಾರೆ, ಇದ್ದದ್ದನ್ನು ಇದ್ದಂತೆ ಬರೆಯಿರಿ.

ಕೊನೆಗೆ ನಮ್ಮವರ ಜೊತೆಗೇ ಒಂದು ಜಗಳ. 'ಹೊರದೇಶಕ್ಕೆ ಹೋಗೋದು ಚಳವಳಿಯಿಂದ ಓಡಿಹೋಗೋದು' ಎಂದು ಸಭೆಗಳಲ್ಲಿ ಕೆಲವು ಹಿರಿಯರು ಅನ್ನುತ್ತಾರೆ. ಅಣ್ಣಂದಿರಾ, 1973ರ ನವೆಂಬರ್ ಮರೆತಿರಾ? ಕನ್ನಡ ಸಾಹಿತ್ಯದ ಬಹುಭಾಗ ಬೂಸಾ, ದಲಿತರು ಇಂಗ್ಲಿಷ್ ಕಲಿಯಬೇಕು ಎಂದದ್ದಕ್ಕೆ ಬಸವಲಿಂಗಪ್ಪನವರು ಮಂತ್ರಿಗಿರಿ ಕಳೆದುಕೊಂಡರು. ಅವರ ಪರ ನಿಂತ ಹಾಸ್ಟೆಲ್ ಹುಡುಗರು ಏಟು ತಿಂದರು. ನಮ್ಮ ಚಳವಳಿ ಕಣ್ಣುಬಿಟ್ಟದ್ದೇ ಆ ಗಲಾಟೆಯಲ್ಲಿ. ಅಂದು ಇಂಗ್ಲಿಷ್ ಕಲಿಯಿರಿ ಅಂದದ್ದಕ್ಕೆ ಏಟು ತಿಂದವರು, ಇಂದು ಇಂಗ್ಲಿಷ್ ಕಲಿತು ಇಂಗ್ಲೆಂಡಿಗೆ ಹೊರಟವನಿಗೆ ಓಡಿಹೋಗುವವನು ಅನ್ನಬಹುದೇ? ಇಂಗ್ಲಿಷ್ ಪರೀಕ್ಷೆಗೇ ಹದಿನೇಳು ಹದಿನೆಂಟು ಸಾವಿರ ಕಟ್ಟಬೇಕು, ಅಂಕ ಎರಡೇ ವರ್ಷ ಚಾಲ್ತಿ. ಅಷ್ಟು ಕೂಡಿಸಿದವನ ಬೆನ್ನು ತಟ್ಟಿ. ಹೋದವರಲ್ಲಿ ಕೆಲವರು ವಾಪಸ್ ನೋಡುವುದಿಲ್ಲ, ನಿಜ. ಇಲ್ಲೇ ಇದ್ದು ವಿಧಾನಸೌಧ ಹತ್ತಿದ ಮೇಲೆ ವಾಪಸ್ ನೋಡದವರು ಅದಕ್ಕಿಂತ ಕಡಿಮೆಯೇ?

ಇನ್ನು ಬೇಡಿಕೆ. ಸಾಗರೋತ್ತರ ವೇತನದ ಆಯ್ಕೆ ಪತ್ರ ಏಪ್ರಿಲ್ ಒಳಗೆ ಎಲ್ಲರ ಕೈ ಸೇರಬೇಕು, ಆಯ್ಕೆ ಮಾಡಿದ ಮೇಲೆ ಹಣ ಇಲ್ಲ ಅನ್ನಕೂಡದು. 2022ರ ವಿಷಯ ನಿಷೇಧ ಹೋಗಬೇಕು. ವೇತನ ಸಿಗದೆ ಪ್ರವೇಶ ಮಾತ್ರ ಸಿಕ್ಕ ಹುಡುಗರಿಗೆ ರಾಜ್ಯ ಸರ್ಕಾರವೇ ಬ್ಯಾಂಕಿಗೆ ಜಾಮೀನು ನಿಲ್ಲಬೇಕು. ಕಾರ್ಖಾನೆಯವರಿಗೆ ಎಕರೆಗಟ್ಟಲೆ ಜಮೀನು ಕೊಡುವ ಸರ್ಕಾರಕ್ಕೆ ಒಂದು ಸಹಿ ಭಾರವಲ್ಲ. ಜಿಲ್ಲಾ ಸಮಾಜ ಕಲ್ಯಾಣ ಕಚೇರಿಯಲ್ಲಿ ಪಾಸ್‌ಪೋರ್ಟು, ವೀಸಾ ಕಾಗದ ನೋಡಿ ಹೇಳುವ ಒಬ್ಬ ತಿಳಿದ ಮನುಷ್ಯ ಕೂರಬೇಕು.

ಇದಕ್ಕೆ ಮನವಿ ಕೊಡಲು ಬರೀ ಮಾತು ಸಾಲದು, ಕಾಗದ ಬೇಕು. ಕಳೆದ ಐದು ವರ್ಷದಲ್ಲಿ ವೀಸಾ ತಿರಸ್ಕಾರವಾದವರು, ವೇತನದ ಪಟ್ಟಿಯಲ್ಲಿದ್ದೂ ಪತ್ರ ತಡವಾದವರು, ಬ್ಯಾಂಕಿನಲ್ಲಿ ಸಾಲ ಇಲ್ಲ ಅನ್ನಿಸಿಕೊಂಡವರು ಆ ಪತ್ರಗಳನ್ನು ನಾಚಿಕೆಯಿಂದ ಹರಿದು ಎಸೆದಿರದಿದ್ದರೆ ಮುಂದಿನ ಸಭೆಗೆ ತನ್ನಿ. ಬ್ಯಾಂಕಿನವನು ಬಾಯಲ್ಲೇ ಇಲ್ಲ ಅಂದಿದ್ದರೆ, ಬರೆದು ಕೊಡಿ ಸಾರ್ ಅಂತ ಇನ್ನೊಂದು ಸಲ ಹೋಗಿ ಕೇಳಿ. ಪಾಸ್‌ಪೋರ್ಟ್ ನಂಬರನ್ನು ಕಪ್ಪು ಮಸಿಯಿಂದ ಹೊಡೆದುಹಾಕಿ. ಮೂಲ ಕಾಗದ ಯಾರಿಗೂ ಕೊಡಬೇಡಿ, ನಮಗೂ ಕೊಡಬೇಡಿ. ಜೆರಾಕ್ಸ್ ಸಾಕು.